ನೆಲ ಬಿಟ್ಟ ಮೇಲೆ ಎಂಜಿನು ಸೋತರೆ

ದೇವಸುಗೂರಿನ ಬಳಿ ಕೃಷ್ಣೆಯ ದಡದಲ್ಲಿ ನಿಂತವರಿಗೆ ಮೊದಲು ಕಾಣುವುವು ಶಾಖೋತ್ಪನ್ನ ವಿದ್ಯುತ್ಕೇಂದ್ರದ ಹೊಗೆಕೊಳವೆಗಳು. ಬಳಿಕ ದಿಕ್ಕುದಿಕ್ಕಿಗೆ ಹರಿದ ತಂತಿಗಳು. ಅವುಗಳಾಚೆ ಬತ್ತದ ಗದ್ದೆ, ಹತ್ತಿಯ ಹೊಲ. ಇಂತಹ ಬಯಲಿನಿಂದ ಒಂಟಿ ಎಂಜಿನಿನ ಸಣ್ಣ ವಿಮಾನವೊಂದು ಮೇ ತಿಂಗಳ ಮಧ್ಯಾಹ್ನ ಮೇಲೇರುತ್ತಿದೆಯೆಂದು ಭಾವಿಸೋಣ.

ಎಂಜಿನಿನ ಬಲವು ಅದು ಸೇವಿಸುವ ಗಾಳಿಯ ತೂಕವನ್ನು ಅವಲಂಬಿಸಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನ ಮೀಟರು ಗಾಳಿ 1.225 ಕಿಲೋಗ್ರಾಂ ತೂಗುತ್ತದೆ. ರಾಯಚೂರು ಪಟ್ಟಣದ ಎತ್ತರ ಸುಮಾರು 400 ಮೀಟರು. ಅಲ್ಲಿ ಉಷ್ಣತೆ 42 ಡಿಗ್ರಿಗೇರಿದಾಗ ಅದೇ ಗಾತ್ರದ ಗಾಳಿ ಸುಮಾರು 1.07 ಕಿಲೋಗ್ರಾಂ ಮಾತ್ರ. ಎಂಟರಲ್ಲೊಂದು ಪಾಲು ಹೋಯಿತು! ಚಳಿಗಾಲದ ನಸುಕಿನಲ್ಲಿ ನಂದಿಬೆಟ್ಟದ ನೆತ್ತಿಯಲ್ಲಿರುವ ಗಾಳಿಯೂ ಹೆಚ್ಚು ಕಡಿಮೆ ಇಷ್ಟೇ ತೆಳು. ಎಂಜಿನು ನಿರ್ದೋಷವಾಗಿದ್ದರೂ ವಿಮಾನವು ಸೊರಗಿದಂತೆ ಏರುವುದು ಇದರಿಂದಲೇ.

ನಿಜವಾದ ದೋಷಗಳಲ್ಲಿ ಕುತೂಹಲಕರವಾದುದು ಕಾರ್ಬುರೇಟರಿನೊಳಗಿನ ಮಂಜುಗಡ್ಡೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕಾರಣವನ್ನು ನೀವು ಬಲ್ಲಿರಿ. ಪೆಟ್ರೋಲೂ ಹಾಗೆಯೇ, ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರುತ್ತದೆ. ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ನುಗ್ಗುವ ಗಾಳಿಯೂ ತಣಿಯುತ್ತದೆ. ಎರಡೂ ಸೇರಿ ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಹುದು. ಆದುದರಿಂದ ನದೀತೀರದ ತೇವಭರಿತ ಮುಂಜಾವಿನಲ್ಲಿ, ಹೊರಗೆ ಹಿಮದ ಸುಳಿವೇ ಇಲ್ಲದಿರುವಾಗ, ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನಿನ ಉಸಿರನ್ನು ತಡೆಯುತ್ತದೆ. 1958ರಲ್ಲಿ ವಿ. ಎಂ. ಘಾಟಗೆಯವರ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ 90 ಅಶ್ವಶಕ್ತಿಯ ‘ಪುಷ್ಪಕ್’ ವಿಮಾನಕ್ಕೂ ಕಾರ್ಬುರೇಟರೇ ಇದ್ದಿತು. ಹೊಗೆಕೊಳವೆಯ ಶಾಖದಿಂದ ಬಿಸಿಯಾದ ಗಾಳಿಯನ್ನು ಒಳಕ್ಕೆ ಹಾಯಿಸುವುದೇ ಇದಕ್ಕೆ ಪರಿಹಾರ. ಪೆಟ್ರೋಲಿನಲ್ಲಿ ನೀರು ಸೇರಿದ್ದರೂ ಎಂಜಿನು ನಿಲ್ಲುತ್ತದೆ. ನೀರು ಭಾರವಾದುದರಿಂದ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಹಾರುವ ಮುನ್ನ ತಳದಿಂದ ಸ್ವಲ್ಪ ಬಸಿದು ಗಾಜಿನಲ್ಲಿ ನೋಡುವ ಪದ್ಧತಿ ಇರುವುದು ಅದಕ್ಕಾಗಿ.

ಈಗ 90 ಮೀಟರು ಎತ್ತರದಲ್ಲಿ ಎಂಜಿನು ನಿಂತಿತೆನ್ನೋಣ. ಹಿಂದಿರುಗಿ ರನ್‌ವೇ ಸೇರುವ ಆಸೆ ಸಹಜವಾದುದು. ಲೆಕ್ಕವು ಬೇರೆ ಹೇಳುತ್ತದೆ. ಗಂಟೆಗೆ 120 ಕಿಲೋಮೀಟರು ವೇಗದಲ್ಲಿ, 30 ಡಿಗ್ರಿ ಓರೆಯಾಗಿ ತಿರುಗುವ ವಿಮಾನದ ವೃತ್ತದ ತ್ರಿಜ್ಯ ಸುಮಾರು 200 ಮೀಟರು. ಅರ್ಧವೃತ್ತಕ್ಕೆ ಸುಮಾರು 19 ಸೆಕೆಂಡು ಬೇಕು. ಸೆಕೆಂಡಿಗೆ ನಾಲ್ಕೂವರೆ ಮೀಟರಿನಂತೆ ಇಳಿದರೆ 85 ಮೀಟರು ಕರಗಿತು. ದಿಗ್ಭ್ರಮೆಯಲ್ಲಿ ಕಳೆದ ಮೂರು ನಾಲ್ಕು ಸೆಕೆಂಡುಗಳನ್ನು ನಾವಿನ್ನೂ ಕೂಡಿಸಿಲ್ಲ. ಇಷ್ಟಾದರೂ ವಿಮಾನವಿರುವುದು ರನ್‌ವೇಯಿಂದ 400 ಮೀಟರು ಪಕ್ಕಕ್ಕೆ! ಅವಸರದಿಂದ ಓರೆಯನ್ನು 60 ಡಿಗ್ರಿಗೆ ಹೆಚ್ಚಿಸಿದರೆ ರೆಕ್ಕೆಗಳ ಹೊರೆ ಇಮ್ಮಡಿಯಾಗಿ, ತೇಲಲು ಬೇಕಾದ ಕನಿಷ್ಠ ವೇಗವು 1.41 ಪಟ್ಟು ಏರುತ್ತದೆ. ಅಷ್ಟು ವೇಗವಿಲ್ಲದಿದ್ದರೆ ರೆಕ್ಕೆಯು ಎತ್ತುವ ಬಲವನ್ನು ಥಟ್ಟನೆ ಕಳೆದುಕೊಳ್ಳುತ್ತದೆ. ಪ್ರಾಣ ಹೋಗುವುದು ಬಹುಮಟ್ಟಿಗೆ ಇಲ್ಲಿಯೇ.

ಆದುದರಿಂದ ಮೂತಿಯನ್ನು ತಗ್ಗಿಸಿ ವೇಗವನ್ನು ಕಾಯ್ದುಕೊಂಡು, ಎದುರಿಗಿರುವ ನೆಲವನ್ನೇ ಆರಿಸಬೇಕು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ 2023ರ ಮೇ 30ರಂದು ಏರಿದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊಲಕ್ಕೇ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ದೇವಸುಗೂರಿನಂತಹ ಕಡೆ ಮೊದಲು ತಂತಿಗಳನ್ನು ತಪ್ಪಿಸಬೇಕು. ನೀರು ನಿಂತ ಗದ್ದೆ, ಮಳೆಯಲ್ಲಿ ನೆನೆದ ಎರೆಭೂಮಿ ಎರಡೂ ಗಾಲಿಯನ್ನು ಹಿಡಿದು ವಿಮಾನವನ್ನು ಮಗುಚಬಲ್ಲವು. ಒಣಗಿದ ಹೊಲ ಸಿಕ್ಕಿದರೆ ಸಾಲುಗಳ ಗುಂಟ ಇಳಿಯುವುದು ಮೇಲು. ನೆಲ ಮುಟ್ಟುವ ಮೊದಲು ಪೆಟ್ರೋಲನ್ನೂ ಕಿಡಿಯನ್ನೂ ನಿಲ್ಲಿಸಿ, ಬಾಗಿಲಿನ ಅಗುಳಿಯನ್ನು ಸಡಿಲಿಸಿಡಬೇಕು.