ಶೀತಲ ಸಮರ: ನಮ್ಮ ಸೀಮೆಯ ಜನ ಕಂಡಂತೆ

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದ ತರುವಾಯ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಬೆಳೆದ ವೈರವು 1991ರಲ್ಲಿ ಆ ಒಕ್ಕೂಟವೇ ವಿಸರ್ಜನೆಗೊಳ್ಳುವವರೆಗೆ ನಡೆಯಿತು. ಈ ಎರಡು ಶಕ್ತಿಗಳು ನೇರವಾಗಿ ರಣರಂಗಕ್ಕಿಳಿಯದ ಕಾರಣ ಇದನ್ನು ಶೀತಲ ಸಮರವೆನ್ನುತ್ತಾರೆ. ನ್ಯಾಟೋ (1949), ವಾರ್ಸಾ ಒಪ್ಪಂದ (1955), ಕ್ಯೂಬಾ ಬಿಕ್ಕಟ್ಟು (1962) ಎಂದು ಪಠ್ಯಪುಸ್ತಕದ ಪಾಠ ಸಾಗುತ್ತದೆ. ಆದರೆ ಅಕ್ಕಲಕೋಟ ತಾಲೂಕಿನ ರೈತನಿಗೆ, ಸೊಲ್ಲಾಪುರದ ಗಿರಣಿ ಕಾರ್ಮಿಕನಿಗೆ ಈ ಸಮರವು ಹೇಗೆ ಅರ್ಥವಾಗಿತ್ತು? ಬಹುಕಾಲ ಇತಿಹಾಸ ಬೋಧಿಸಿದವನಾಗಿ ಈ ಪ್ರಶ್ನೆಯನ್ನು ಇಲ್ಲಿ ವಿಚಾರ ಮಾಡಬಯಸುತ್ತೇನೆ.

ನಮ್ಮವರಿಗೆ ಅಮೆರಿಕವು ಮೊದಲು ಪರಿಚಯವಾದದ್ದು ಕಾಳಿನ ಮೂಲಕ. ಪಿ.ಎಲ್. 480 ಎಂಬ 1954ರ ಕಾನೂನಿನ ಪ್ರಕಾರ ಆ ದೇಶದ ಹೆಚ್ಚುವರಿ ಗೋಧಿ ನಮಗೆ ಬರತೊಡಗಿತು. 1965-66ರ ಬರದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಗೋಧಿಯನ್ನು ಒಮ್ಮೆಗೇ ಕೊಡದೆ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡಿದರು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಸಹನೆಯಾಗಿರಲಿಲ್ಲ. ಮುಂದೆ 1972ರ ಭೀಕರ ಬರದಲ್ಲಿ ರೇಶನ್ ಅಂಗಡಿಗೆ ‘ಮಿಲೋ’ ಎಂಬ ಕೆಂಪು ಜೋಳ ಬಂದಿತು. ಬಿಳಿಜೋಳದ ರೊಟ್ಟಿ ಉಂಡು ಬೆಳೆದ ಜನ ಖಡಿ ಒಡೆಯುವ ಕೆಲಸಕ್ಕೆ ಹೋಗಿ, ಆ ಕೆಂಪು ರೊಟ್ಟಿಯನ್ನು ಉಂಡರು. ಹೊಟ್ಟೆ ತುಂಬಿತು, ಮನಸ್ಸು ತುಂಬಲಿಲ್ಲ. ಅದು ಅಲ್ಲಿಯ ದನಗಳ ಮೇವೆಂಬ ಮಾತು ಊರೂರಿಗೆ ಹಬ್ಬಿತ್ತು.

ರಷ್ಯದ ಪರಿಚಯ ಬೇರೆ ದಾರಿಯಿಂದ ಬಂದಿತು. ಸೊಲ್ಲಾಪುರದ ಗಿರಣಿಗಳಲ್ಲಿ ಕೆಂಬಾವುಟದ ಸಂಘಗಳಿದ್ದವು. ಸೋವಿಯತ್ ಪುಸ್ತಕಗಳು ಬೆಂಗಳೂರಿನ ನವಕರ್ನಾಟಕ ಪ್ರಕಾಶನದ ಮೂಲಕ ಅಗ್ಗದ ಬೆಲೆಗೆ ಕನ್ನಡಿಗರ ಕೈ ಸೇರುತ್ತಿದ್ದವು. 1971ರ ಆಗಸ್ಟ್ 9ರಂದು ಭಾರತ-ಸೋವಿಯತ್ ಮೈತ್ರಿ ಒಪ್ಪಂದವಾಯಿತು. ಅದೇ ಡಿಸೆಂಬರಿನ ಯುದ್ಧದಲ್ಲಿ ಅಮೆರಿಕವು ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಗೆ ಕಳುಹಿಸಿದರೆ, ಸೋವಿಯತ್ ಒಕ್ಕೂಟವು ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ವೀಟೋ ಚಲಾಯಿಸಿತು. ‘ಆಪತ್ತಿಗಾದವನೇ ನೆಂಟ’ ಎಂದು ಜನ ತೀರ್ಮಾನಿಸಿದರು.

ಇನ್ನು ಲೆಕ್ಕದ ಪುಸ್ತಕವನ್ನು ತೆರೆಯೋಣ. ಜನ ಭಿಕ್ಷೆಯೆಂದು ತಿಳಿದಿದ್ದ ಪಿ.ಎಲ್. 480ರ ಗೋಧಿಗೆ ಬಹುಮಟ್ಟಿಗೆ ರೂಪಾಯಿಯಲ್ಲಿ ಬೆಲೆ ಕಟ್ಟಲಾಗಿತ್ತು. ಹೀಗೆ ಸಂಗ್ರಹವಾದ ಹಣದಲ್ಲಿ ಸುಮಾರು 1,664 ಕೋಟಿ ರೂಪಾಯಿಗಳ ಚೆಕ್ಕನ್ನು 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಮೊಯ್ನಿಹಾನ್ ಭಾರತಕ್ಕೆ ಮರಳಿ ಕೊಟ್ಟರು. ನೆಂಟನೆನಿಸಿದ ಸೋವಿಯತ್ ಒಕ್ಕೂಟದಿಂದ ಶಸ್ತ್ರಾಸ್ತ್ರಗಳಿಗಾಗಿ ಮಾಡಿದ ಸಾಲವಾದರೋ ಉಳಿಯಿತು. ಒಕ್ಕೂಟ ಒಡೆದ ಮೇಲೆ 1993ರಲ್ಲಿ ರಷ್ಯದೊಡನೆ ಒಪ್ಪಂದವಾಗಿ, ಸರಕು ರಫ್ತಿನ ರೂಪದಲ್ಲಿ ಅದನ್ನು ತೀರಿಸಬೇಕಾಯಿತು.

ಹಾಗಾದರೆ ಜನಸಾಮಾನ್ಯರ ತಿಳುವಳಿಕೆ ತಪ್ಪೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಅವರು ಹಣದ ಲೆಕ್ಕವನ್ನು ಇಡಲಿಲ್ಲ, ಮಾನದ ಲೆಕ್ಕವನ್ನು ಇಟ್ಟರು. ಎಷ್ಟು ಕೊಟ್ಟರೆಂಬುದಕ್ಕಿಂತ ಹೇಗೆ ಕೊಟ್ಟರೆಂಬುದು ಅವರ ನೆನಪಿನಲ್ಲಿ ಉಳಿಯಿತು. ಹಂಗಿನ ಅನ್ನವನ್ನು ನಮ್ಮ ಜನ ಎಂದೂ ಸವಿದವರಲ್ಲ. ಆದರೆ ಆ ಲೆಕ್ಕವೊಂದೇ ಸಾಲದು. ಇಬ್ಬರೂ ತಮ್ಮ ತಮ್ಮ ಹಿತಕ್ಕಾಗಿಯೇ ನಮ್ಮತ್ತ ಕೈ ಚಾಚಿದರು. ಒಬ್ಬರಿಗೆ ಹೆಚ್ಚುವರಿ ಬೆಳೆಗೆ ದಾರಿ ಬೇಕಿತ್ತು, ಇನ್ನೊಬ್ಬರಿಗೆ ಏಷ್ಯದಲ್ಲಿ ಆಸರೆ ಬೇಕಿತ್ತು. ಇದನ್ನು ಅರಿತೇ ಭಾರತವು 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ಅಲಿಪ್ತ ರಾಷ್ಟ್ರಗಳೊಡನೆ ನಿಂತಿತು. ಅಲಿಪ್ತತೆಗೆ ನಿಜವಾದ ಬಲ ಬಂದದ್ದು ಮಾತ್ರ ಹಸಿರು ಕ್ರಾಂತಿಯಿಂದ ನಮ್ಮ ಕಣಜಗಳು ತುಂಬಿದ ಮೇಲೆ.

ವಿದ್ಯಾರ್ಥಿ ಮಿತ್ರರೇ, 1972ರಲ್ಲಿ ಖಡಿ ಒಡೆದ ಕೈಗಳು ಇನ್ನೂ ಕೆಲವು ಮನೆಗಳಲ್ಲಿವೆ. ಅಜ್ಜ-ಅಜ್ಜಿಯರ ಬಳಿ ಕುಳಿತು, ಮಿಲೋ ಜೋಳದ ರೊಟ್ಟಿಯ ರುಚಿ ಹೇಗಿತ್ತು, ಅದನ್ನು ಕೊಟ್ಟವರ ಬಗೆಗೆ ಊರಲ್ಲಿ ಏನು ಮಾತು ನಡೆದಿತ್ತು ಎಂದು ಕೇಳಿ ಬರೆದಿಡಿರಿ. ಬಳಿಕ ಅದನ್ನು ಪುಸ್ತಕದ ಇತಿಹಾಸದೊಡನೆ ಹೋಲಿಸಿ ನೋಡಿರಿ. ಎರಡೂ ಕೂಡಿದಾಗಲೇ ಪಾಠ ಪೂರ್ಣವಾಗುತ್ತದೆ. ಪುಸ್ತಕ ನಾಳೆಯೂ ಸಿಗುತ್ತದೆ. ಅಜ್ಜಿಯ ಮಾತನ್ನು ಇಂದೇ ಕೇಳಬೇಕು.