ಪುಡಿ ತಂದೆವು, ಪದ್ಧತಿ ತರಲಿಲ್ಲ: ಮನೆಯಲ್ಲೇ ಒಳ್ಳೆ ಕಾಫಿ ಮಾಡೋದು ಹೇಗೆ?

ಕಳೆದ ಸೆಮಿಸ್ಟರ್ ರಜೆಗೆ ನಾವು ಮೂವರು ರೂಮ್‌ಮೇಟ್‌ಗಳು ತುಬಚಿಗೆ ಹೋಗಿದ್ದೆವು. ಜಮಖಂಡಿ ತಾಲ್ಲೂಕಿನ ಊರು. ನಮ್ಮಲ್ಲೊಬ್ಬನ ಮನೆ ಅಲ್ಲಿದೆ. ಇನ್ನೊಬ್ಬ ಚಿಕ್ಕಮಗಳೂರು ಕಡೆಯವನು; ಬರಿಗೈಯಲ್ಲಿ ಹೋಗಬಾರದು ಅಂತ ಅರ್ಧ ಕೆಜಿ ಫಿಲ್ಟರ್ ಕಾಫಿ ಪುಡಿ ತಂದಿದ್ದ.

ಅವ್ವನಿಗೆ ಖುಷಿಯಾಯಿತು. ಹುಡುಗ ಕಾಫಿ ಸೀಮೆಯವನು, ಚಹಾ ಕೊಡಬಾರದು ಅಂತ ಅವತ್ತೇ ಸಂಜೆ ಕಾಫಿಗೆ ಇಟ್ಟರು. ಹಾಲು, ಸಕ್ಕರೆ, ಎರಡು ಚಮಚ ಪುಡಿ ಒಟ್ಟಿಗೆ ಹಾಕಿ, ಚಹಾ ಕುದಿಸುವ ಹಾಗೆ ಮೂರು ಸಲ ಉಕ್ಕಿಸಿದರು. "ಎಷ್ಟ್ ಕುದಿಸಿದ್ರೂ ಕರಗವಲ್ದಲ್ಲೋ ಈ ಪುಡಿ!" ಅಂತ ಒಳಗಿಂದ ಕೂಗಿದ್ದು ನಮಗೆ ಕೇಳಿಸಿತು. ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿದಾಗ ಅರ್ಧ ಪುಡಿ ಕಪ್ಪಿಗೇ ಬಂತು. ಕಹಿ ಅಂದರೆ ಕಹಿ. ನಮ್ಮಲ್ಲೊಬ್ಬ ತಮಾಷೆಗೆ, "ಅವ್ವಾ, ಇದು ಕಾಫಿನೋ ಕಷಾಯನೋ?" ಅಂದುಬಿಟ್ಟ. ಎಲ್ಲರೂ ನಕ್ಕೆವು, ಅವ್ವನೂ ನಕ್ಕರು. ಆದರೆ ನಾವಿದ್ದ ಇನ್ನೂ ಮೂರು ದಿನ ಆ ಪೊಟ್ಟಣವನ್ನು ಅವರು ಮುಟ್ಟಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಮಗೆ ಹೊಳೆಯಿತು. ಆ ಮನೆಗೆ ಅಲ್ಲಿಯವರೆಗೆ ಬಂದಿದ್ದು ಇನ್‌ಸ್ಟಂಟ್ ಪುಡಿ ಮಾತ್ರ. ಅದು ಕರಗುತ್ತದೆ. ಇದು ಕರಗುವುದಿಲ್ಲ ಅಂತ ಅವ್ವನಿಗೆ ಯಾರು ಹೇಳಿದ್ದರು? ಪುಡಿ ತಂದವರು ನಾವು, ಪದ್ಧತಿ ತರಲಿಲ್ಲ. ಆ ಬಾಕಿ ತೀರಿಸಲು ನಾವು ಓದಿದ್ದು, ಮಾಡಿ ನೋಡಿದ್ದು ಈ ಲೇಖನ. ನಿಮ್ಮ ಮನೆಯೂ ಚಹಾದ ಮನೆಯಾಗಿದ್ದರೆ ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ಒಂದು ವ್ಯತ್ಯಾಸ

ಇನ್‌ಸ್ಟಂಟ್ ಕಾಫಿ ಅಂದರೆ ಕಾರ್ಖಾನೆಯಲ್ಲಿ ಆಗಲೇ ಇಳಿಸಿ, ನೀರನ್ನೆಲ್ಲ ತೆಗೆದು ಒಣಗಿಸಿದ ಡಿಕಾಕ್ಷನ್. ಬಿಸಿನೀರು ಹಾಕಿದರೆ ಮತ್ತೆ ಡಿಕಾಕ್ಷನ್. ಫಿಲ್ಟರ್ ಪುಡಿ ಹಾಗಲ್ಲ, ಅದು ಹುರಿದ ಬೀಜದ ಚೂರು. ಅದರ ತೂಕದಲ್ಲಿ ನೀರಿಗೆ ಬಿಡಬಲ್ಲ ಅಂಶ ಸುಮಾರು 30 ಶೇಕಡಾ ಮಾತ್ರ, ಉಳಿದಿದ್ದು ನಾರು. ಆ 30ರಲ್ಲೂ ಎಲ್ಲವೂ ನಮಗೆ ಬೇಡ. 18ರಿಂದ 22 ಶೇಕಡಾ ಇಳಿದರೆ ರುಚಿ ಹದ ಅಂತ ಕಾಫಿ ತಜ್ಞರ ಲೆಕ್ಕ.

ಯಾಕೆ? ಮೊದಲು ನೀರಿಗೆ ಬರುವುದು ಹುಳಿ ಮತ್ತು ಹಣ್ಣಿನ ಪರಿಮಳ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತು ಒಗರು. ಬೇಗ ನಿಲ್ಲಿಸಿದರೆ ಹುಳಿ, ತೆಳು. ಬಹಳ ಹೊತ್ತು ಎಳೆದರೆ ಕಹಿ. ಹತ್ತು ನಿಮಿಷ ಕುದಿಸುವುದು ಅಂದರೆ ಕೊನೆಯ ಹನಿ ಕಹಿಯನ್ನೂ ಹಿಂಡಿ ತೆಗೆದು, ಪರಿಮಳವನ್ನು ಆವಿಯ ಜೊತೆ ಅಡುಗೆಮನೆಗೆ ಬಿಟ್ಟುಕೊಡುವುದು. ನಮ್ಮ ಕಡೆಯ ಚಹಾಕ್ಕೆ ಕುದಿ ಬೇಕು. ಕಾಫಿಗೆ ಬಿಸಿ ಸಾಕು, ಕುದಿ ಬೇಡ. ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ.

ಬೀಜ: ಪೊಟ್ಟಣದ ಮೇಲೆ ಏನು ಓದಬೇಕು?

ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ನಮ್ಮ ರಾಜ್ಯದ್ದೇ. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಕಥೆ ಗೊತ್ತಿರಬಹುದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಇಷ್ಟಿದ್ದೂ ಅಂಗಡಿಯಲ್ಲಿ ನಾವು ಕೇಳೋದು "ಒಂದು ಪಾಕೀಟು ಕಾಫಿ ಪುಡಿ ಕೊಡ್ರಿ" ಅಂತ ಅಷ್ಟೇ. ಮೂರು ವಿಷಯ ನೋಡಿ ತಗೊಳ್ಳಿ.

ಒಂದು, ಜಾತಿ. ಅರೇಬಿಕಾ ಪರಿಮಳಕ್ಕೆ, ಮೆದು ಹುಳಿಗೆ. ರೋಬಸ್ಟಾ ದಪ್ಪಕ್ಕೆ, ಗಡಸುತನಕ್ಕೆ; ಕೆಫೀನ್ ಅದರಲ್ಲಿ ಹೆಚ್ಚುಕಡಿಮೆ ಎರಡರಷ್ಟು. 'ಪ್ಲಾಂಟೇಶನ್' ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾ. 'ಚೆರಿ' ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು. 'ಪೀಬೆರಿ' ಅಂದರೆ ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡನೆಯ ಬೀಜ ಬೆಳೆದದ್ದು. ಹಾಲು ಹಾಕಿ ಕುಡಿಯುವ ಮನೆಗೆ ಅರೇಬಿಕಾ, ರೋಬಸ್ಟಾ ಬೆರೆಸಿದ್ದು ಚೆನ್ನ. ಬರೀ ಅರೇಬಿಕಾ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಎರಡು, ಚಿಕೋರಿ. ಇದು ಕಾಫಿಯೇ ಅಲ್ಲ, ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಕೆಫೀನ್ ಇಲ್ಲ. ಬಣ್ಣ, ದಪ್ಪ ಕೊಡುತ್ತದೆ. ಎಷ್ಟು ಬೆರೆಸಿದೆ ಅಂತ ಪೊಟ್ಟಣದ ಮೇಲೆ ಹಾಕಲೇಬೇಕು, ಮತ್ತು ಕಾಫಿ 51 ಶೇಕಡಾಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ 49 ಶೇಕಡಾ ಬೇರನ್ನು ನೀವು ಕಾಫಿ ಅಂತ ಕೊಂಡಿರುವ ಸಾಧ್ಯತೆ ಇದೆ! ಚಿಕೋರಿ ಕೆಟ್ಟದ್ದಲ್ಲ, ನಮಗೆ 80:20 ಹಿಡಿಸಿತು. ಎಷ್ಟಿದೆ ಅಂತ ಗೊತ್ತಿದ್ದು ಕೊಳ್ಳಿ ಅಂತಷ್ಟೇ ನಮ್ಮ ಮಾತು.

ಮೂರು, ದಿನಾಂಕ. ಪುಡಿ ಮಾಡಿದ ಕ್ಷಣದಿಂದ ಪರಿಮಳ ಹಾರುತ್ತಲೇ ಇರುತ್ತದೆ. ಅರ್ಧ ಕೆಜಿ ಒಯ್ದದ್ದು ನಮ್ಮ ಇನ್ನೊಂದು ತಪ್ಪು. ನೂರು, ಇನ್ನೂರು ಗ್ರಾಂ ತಂದು, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಎರಡು ಮೂರು ವಾರದಲ್ಲಿ ಮುಗಿಸಿ. ಒಲೆ ಪಕ್ಕದಲ್ಲಿ ಇಡಬೇಡಿ.

ನೀರು: ನಾವು ಮರೆತ ಪದಾರ್ಥ

ಒಂದು ಲೋಟ ಡಿಕಾಕ್ಷನ್‌ನಲ್ಲಿ ಬಹುಪಾಲು ನೀರೇ. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರು ಕೂರುವುದನ್ನು ನೋಡಿದ್ದೀರಲ್ಲ? ಆ ಗಡಸು ನೀರಿನ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ತಟಸ್ಥ ಮಾಡಿ ರುಚಿಯನ್ನು ಸಪ್ಪೆ ಮಾಡುತ್ತದೆ. ಹಾಗಂತ ಲವಣವೇ ಇಲ್ಲದ ನೀರಿನಲ್ಲೂ ಕಾಫಿ ಸರಿಯಾಗಿ ಇಳಿಯದು. ಕುಡಿಯಲು ತರುವ ಶುದ್ಧ ನೀರಿನಲ್ಲೇ ಮಾಡಿ ನೋಡಿ. ತೀರಾ ಸಪ್ಪೆ ಅನಿಸಿದರೆ ಸ್ವಲ್ಪ ನಲ್ಲಿ ನೀರು ಬೆರೆಸಿ ಕಾಯಿಸಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿ. 90ರಿಂದ 95 ಡಿಗ್ರಿ ಸಾಕು.

ಇಳಿಸುವುದು: ಫಿಲ್ಟರ್ ಇದ್ದರೆ

ಇಬ್ಬರು ಮೂವರಿಗೆ 20 ಗ್ರಾಂ ಪುಡಿ, ಅಂದರೆ ಮೂರು ದೊಡ್ಡ ಚಮಚ. ಮೇಲಿನ ಪಾತ್ರೆಗೆ ಹಾಕಿ, ಮಟ್ಟ ಮಾಡಿ, ಬಿಲ್ಲೆಯಿಂದ ಹಗುರಾಗಿ ಅದುಮಿ. ಮೊದಲು ಪುಡಿ ನೆನೆಯುವಷ್ಟು ನೀರು ಸುತ್ತ ಹಾಕಿ ಅರ್ಧ ನಿಮಿಷ ಬಿಡಿ. ಹುರಿದ ಬೀಜದಲ್ಲಿ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ನೀರಿಗೆ ದಾರಿಯಾಗುತ್ತದೆ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿಬಿಡಿ. ಒಟ್ಟು 140 ಮಿ.ಲೀ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಳಗೆ ಸಿಗೋದು ಸುಮಾರು 100 ಮಿ.ಲೀ. ಮಾಸ್ ಬ್ಯಾಲೆನ್ಸ್ ಅಂದರೆ ಇದೇ!

ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಬೇಗ ಇಳಿಯಲಿ ಅಂತ ಮೇಲಿನ ಪಾತ್ರೆಯನ್ನು ತಟ್ಟಬೇಡಿ. ಸಿವಿಲ್‌ನವರಿಗೆ ಡಾರ್ಸಿ ನಿಯಮ ನೆನಪಾಗಬೇಕು: ಮಣ್ಣಿನಲ್ಲಿ ನೀರು ಇಳಿಯುವ ಹಾಗೇ ಪುಡಿಯಲ್ಲೂ. ಕಣ ನುಣುಪಾದಷ್ಟೂ, ಜೋರಾಗಿ ಅದುಮಿದಷ್ಟೂ ದಾರಿ ಕಟ್ಟುತ್ತದೆ.

ಫಿಲ್ಟರ್ ಇಲ್ಲದಿದ್ದರೆ

ಒಂದು ಪಾತ್ರೆ, ಒಂದು ತೆಳು ಹತ್ತಿ ಬಟ್ಟೆ ಸಾಕು. ಬಿಸಿನೀರಿಗೆ ಪುಡಿ ಹಾಕಿ ಒಮ್ಮೆ ತಿರುವಿ, ಮುಚ್ಚಿ ನಾಲ್ಕೈದು ನಿಮಿಷ ಬಿಡಿ, ಬಟ್ಟೆಯಲ್ಲಿ ಸೋಸಿ. ಎಷ್ಟೋ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಇದು. ಫ್ರೆಂಚ್ ಪ್ರೆಸ್ ಮಾಡೋದೂ ಇದನ್ನೇ, ಬಟ್ಟೆಯ ಬದಲು ಜಾಳಿಗೆ ಇದೆ ಅಷ್ಟೇ. ಅದಕ್ಕೆ ಪುಡಿ ತರಿಯಾಗಿರಬೇಕು. 1908ರಲ್ಲಿ ಜರ್ಮನಿಯ ಮೆಲಿಟಾ ಬೆಂಟ್ಜ್ ಎಂಬ ಗೃಹಿಣಿ ಕಾಫಿಯ ಕಹಿ, ಗಸಿ ತಾಳಲಾರದೆ ಮಗನ ಪಟ್ಟಿಯ ಹೀರುಕಾಗದದಲ್ಲಿ ಸೋಸಿ ಕಾಗದದ ಫಿಲ್ಟರ್‌ಗೆ ಪೇಟೆಂಟ್ ಪಡೆದರು. ಗಸಿಯ ಕಷ್ಟ ತುಬಚಿಗೆ ಮಾತ್ರ ಸೀಮಿತವಲ್ಲ ನೋಡಿ.

ಹಾಲು, ಬೆಲ್ಲ

ಹಾಲನ್ನು ಬೇರೆ ಕಾಯಿಸಿ, ಡಿಕಾಕ್ಷನ್‌ಗೆ ಸೇರಿಸಿ. ಎರಡನ್ನೂ ಕೂಡಿಸಿ ಮತ್ತೆ ಕುದಿಸಬೇಡಿ. ಕಬ್ಬಿನ ಸೀಮೆಯವರಿಗೆ ಬೆಲ್ಲದ ಕಾಫಿ ಸಹಜ. ಮಹಾಲಿಂಗಪುರದ ಬೆಲ್ಲದ ಪೇಟೆ ಪಕ್ಕದಲ್ಲೇ ಇದೆಯಲ್ಲ! ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯಬಹುದು. ಅದನ್ನು ಡಿಕಾಕ್ಷನ್‌ನಲ್ಲಿ ಕರಗಿಸಿ, ಹಾಲನ್ನು ಕೊನೆಗೆ ಹಾಕಿ.

ಎಡವಿದರೆ

ಹುಳಿ, ತೆಳು ಆಯಿತೇ? ನೀರು ಇನ್ನಷ್ಟು ಬಿಸಿ ಇರಲಿ, ಅಥವಾ ಪುಡಿ ಸ್ವಲ್ಪ ನುಣುಪಿರಲಿ.
ಕಹಿ, ಒಗರು ಆಯಿತೇ? ಪುಡಿ ತರಿ ಮಾಡಿಸಿ, ಹೊತ್ತು ಕಡಿಮೆ ಮಾಡಿ.
ಇಳಿಯುತ್ತಲೇ ಇಲ್ಲವೇ? ಅದುಮಿದ್ದು ಹೆಚ್ಚಾಗಿದೆ, ಇಲ್ಲವೇ ರಂಧ್ರ ಕಟ್ಟಿವೆ, ಬ್ರಷ್‌ನಲ್ಲಿ ತೊಳೆಯಿರಿ.
ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಲ್ಯಾಬ್‌ನಲ್ಲಿ ಹೇಳಿಕೊಟ್ಟಿದ್ದಾರಲ್ಲ.

ಈ ಸಲ ಹಬ್ಬಕ್ಕೆ ಹೋದಾಗ ಸ್ಟೀಲ್ ಫಿಲ್ಟರ್ ಒಂದು, ನೂರು ಗ್ರಾಂ ಪುಡಿ ಒಯ್ದೆವು. ಮಾಡಿ ಕೊಡುವ ಮೊದಲು ಅವತ್ತಿನ ತಮಾಷೆಗೆ ತಪ್ಪಾಯ್ತು ಅಂತ ಹೇಳಿದೆವು. "ಹೋಗ್ಲಿ ಬಿಡ್ರೋ" ಅಂದರು ಅವ್ವ, ಆದರೆ ಫಿಲ್ಟರ್ ಮುಂದೆಯೇ ಕೂತರು. ಹನಿ ಹನಿ ಇಳಿಯುವುದನ್ನು ನೋಡಿ, "ಇದಕ್ಕ ಭಾಳ ಪುರಸೊತ್ತು ಬೇಕು ನೋಡ್" ಅಂದರು. ಕುಡಿದು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಎಂದಿನಂತೆ ಚಹಾ ಕುದಿಯುತ್ತಿತ್ತು. ಪಕ್ಕದಲ್ಲಿ ಫಿಲ್ಟರ್ ಇತ್ತು, ಮುಚ್ಚಳ ಮುಟ್ಟಿದರೆ ಬಿಸಿ.