11 ಕೆವಿಯಲ್ಲಿ ಒಂದು ಫೇಸ್ ಹೋದಾಗ

ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವ ಹುಡುಗರಿಗೆ ಟ್ರಾನ್ಸ್‌ಫಾರ್ಮರ್ ಪಾಠ ಎಂದೂ ಕಷ್ಟ ಅನ್ನಿಸುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ. ಸುತ್ತುಗಳ ಅನುಪಾತ ಎಷ್ಟೋ ವೋಲ್ಟೇಜಿನ ಅನುಪಾತವೂ ಅಷ್ಟೇ ಎಂಬ ಒಂದು ಸಾಲು ಬಾಯಿಗೆ ಬಂದರೆ ಪಾಸಾಗುವಷ್ಟು ಅಂಕ ಖಾತ್ರಿ. ಅದಕ್ಕೆ ಮುಂಚಿನ ಅಧ್ಯಾಯ ಒಂದಿದೆಯಲ್ಲ, ಅಕ್ಕಪಕ್ಕದ ಎರಡು ಕಾಯಿಲ್‌ಗಳು, ಮ್ಯೂಚುವಲ್ ಇಂಡಕ್ಟೆನ್ಸ್, ಚುಕ್ಕಿ ಗುರುತು, ಪ್ಲಸ್ಸೋ ಮೈನಸ್ಸೋ ಎಂಬ ರಗಳೆ, ಅದನ್ನು ಚಾಯ್ಸ್‌ನಲ್ಲಿ ಬಿಟ್ಟುಬಿಡುತ್ತಾರೆ. ತುಮಕೂರು ಜಿಲ್ಲೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಸರ್ಕ್ಯೂಟ್ ಪಾಠ ಹೇಳಿ ನಿವೃತ್ತನಾದವನು ನಾನು. ನನ್ನ ಹುಡುಗರಲ್ಲಿ ಬಹಳಷ್ಟು ಮಂದಿ ಲೈನ್‌ಮ್ಯಾನ್‌ಗಳಾದರು, ಕೆಲವರು ಜೆಇ ಆದರು, ಒಂದಿಬ್ಬರು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟರು. ಚಾಯ್ಸ್‌ನಲ್ಲಿ ಬಿಟ್ಟ ಆ ಅಧ್ಯಾಯ ಇವರೆಲ್ಲರಿಗೂ ಕಂಬದ ಕೆಳಗೆ ನಿಂತಾಗ ಬೇಕಾಯಿತು.

ಚುಕ್ಕಿಯನ್ನು ಬೋರ್ಡಿನ ಮೇಲೆ ಕಲಿಸಲು ಸಾಧ್ಯವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೋರ್ಡಿನ ಮೇಲೆ ಅದು ಸೀಮೆಸುಣ್ಣದ ಗುರುತಷ್ಟೇ. ಲ್ಯಾಬಿನಲ್ಲಿ ಒಂದು ಟಾರ್ಚ್ ಸೆಲ್ಲು, ಮುಳ್ಳಿರುವ ಹಳೇ ಮಲ್ಟಿಮೀಟರ್, ಒಂದೇ ಕೋರಿಗೆ ಸುತ್ತಿದ ಎರಡು ಕಾಯಿಲ್ ಇದ್ದರೆ ಸಾಕು. ಮೊದಲ ಕಾಯಿಲ್‌ಗೆ ಸೆಲ್ಲು ಮುಟ್ಟಿಸಿದ ಕ್ಷಣ ಎರಡನೆಯದಕ್ಕೆ ಕಟ್ಟಿದ ಮೀಟರಿನ ಮುಳ್ಳು ಬಲಕ್ಕೆ ಚಿಮ್ಮಿದರೆ, ಸೆಲ್ಲಿನ ಪ್ಲಸ್ ಇರುವ ತುದಿಗೂ ಮೀಟರಿನ ಪ್ಲಸ್ ಇರುವ ತುದಿಗೂ ಚುಕ್ಕಿ. ಎಡಕ್ಕೆ ಹೋದರೆ ಒಂದು ಚುಕ್ಕಿಯನ್ನು ಆಚೆ ತುದಿಗೆ ಸಾಗಿಸಬೇಕು. ಸೆಲ್ಲು ಹಾಗೇ ಹಿಡಿದಿದ್ದರೆ ಕರೆಂಟೇನೋ ಹರಿಯುತ್ತಿರುತ್ತದೆ, ಮುಳ್ಳು ಮಾತ್ರ ಸೊನ್ನೆಗೆ ಬಂದು ಸುಮ್ಮನಾಗುತ್ತದೆ. ಸೆಲ್ಲು ತೆಗೆದಾಗ ಮತ್ತೆ ಚಿಮ್ಮುತ್ತದೆ, ಈ ಸಲ ಎದುರು ದಿಕ್ಕಿಗೆ. 1831ರ ಆಗಸ್ಟ್ 29ರಂದು ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡದ್ದು ಇದನ್ನೇ. ಹುಡುಗರು ಆ ಮುಳ್ಳನ್ನು ಕಣ್ಣಾರೆ ನೋಡಿದ ಮೇಲೆ ಚುಕ್ಕಿಯ ಬಗ್ಗೆ ನನ್ನನ್ನು ಹೆಚ್ಚು ಕೇಳುತ್ತಿರಲಿಲ್ಲ.

ಎರಡನೇ ಪ್ರಯೋಗ ಸರಣಿಯದು. ಒಂದು ಕಾಯಿಲ್ 40 ಮಿಲಿಹೆನ್ರಿ, ಇನ್ನೊಂದು 10 ಎಂದಿಟ್ಟುಕೊಳ್ಳಿ. ಎರಡನ್ನೂ ಸರಣಿಯಲ್ಲಿ ಕಟ್ಟಿದರೆ 50 ಬರಬೇಕೆಂದು ಹುಡುಗರ ಎಣಿಕೆ. ಮೀಟರ್ 86 ತೋರಿಸುತ್ತದೆ. ಒಂದು ಕಾಯಿಲ್‌ನ ತುದಿಗಳನ್ನು ಅದಲುಬದಲು ಮಾಡಿದರೆ 14. ತಂತಿ ಅದೇ, ಕೋರೂ ಅದೇ, ತುದಿ ತಿರುಗಿಸಿದ್ದಕ್ಕೆ ಆರು ಪಟ್ಟು ವ್ಯತ್ಯಾಸ. 86ರಲ್ಲಿ 14 ಕಳೆದು ನಾಲ್ಕರಿಂದ ಭಾಗಿಸಿದರೆ 18, ಅದೇ ಮ್ಯೂಚುವಲ್ ಇಂಡಕ್ಟೆನ್ಸ್. 40 ಮತ್ತು 10ರ ಗುಣಲಬ್ಧದ ವರ್ಗಮೂಲ 20. 18ನ್ನು 20ರಿಂದ ಭಾಗಿಸಿದರೆ 0.9, ಎರಡು ಕಾಯಿಲ್‌ಗಳ ನಡುವಿನ ನಂಟು ಎಷ್ಟು ಬಿಗಿ ಎಂಬುದರ ಅಳತೆ.

ಇದೇ ಕಾಯಿಲ್‌ಗಳಿಗೆ ಪುಸ್ತಕದಲ್ಲಿರುವ ಟಿ ಆಕಾರದ ಸಮಾನ ಸರ್ಕ್ಯೂಟ್ ಬರೆಯಲು ಹೇಳಿದರೆ ತರಗತಿ ತಬ್ಬಿಬ್ಬಾಗುತ್ತದೆ. ಎಡಗೈ 40ರಲ್ಲಿ 18 ಹೋಗಿ 22, ಬಲಗೈ 10ರಲ್ಲಿ 18 ಹೋಗಿ ಮೈನಸ್ 8. ಮೈನಸ್ ಇಂಡಕ್ಟೆನ್ಸ್ ಯಾವ ಅಂಗಡಿಯಲ್ಲಿ ಸಿಗುತ್ತದೆ? ಎಲ್ಲೂ ಸಿಗುವುದಿಲ್ಲ. ಅದು ಲೆಕ್ಕಕ್ಕಾಗಿ ಬರೆದ ಚಿತ್ರ, ಉತ್ತರ ಸರಿಯಾಗಿ ಕೊಡುತ್ತದೆ ಅಷ್ಟೆ. ಕೆಲವು ಪುಸ್ತಕಗಳು ಇದನ್ನು ಹೇಳದೆ ಮುಂದೆ ಹೋಗುವುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಇನ್ನು ಟಿಸಿ. ನಮ್ಮ ಕಡೆ ಹಳ್ಳಿಯಲ್ಲಿ ಯಾರೂ ಟ್ರಾನ್ಸ್‌ಫಾರ್ಮರ್ ಅನ್ನುವುದಿಲ್ಲ, ಟಿಸಿ ಅಂದರೇ ಎಲ್ಲರಿಗೂ ಅರ್ಥ. ಅದರ ಫಲಕದ ಮೇಲೆ 11000/433 ಎಂದಿರುತ್ತದೆ. ಭಾಗಿಸಿದರೆ 25.4. ಆದರೆ ರೇಷಿಯೋ ಮೀಟರ್ ಕಟ್ಟಿದರೆ 44 ಬರುತ್ತದೆ. ಮೀಟರ್ ಕೆಟ್ಟಿದೆ ಎಂದು ವರದಿ ಬರೆದ ತಂಡಗಳನ್ನು ನೋಡಿದ್ದೇನೆ. ಮೇಲಿನ 11 ಕೆವಿ ಕಾಯಿಲ್‌ಗಳು ಡೆಲ್ಟಾದಲ್ಲಿವೆ, ಪ್ರತಿಯೊಂದರ ಮೇಲೂ ಇಡೀ 11000 ವೋಲ್ಟು. ಕೆಳಗಿನವು ಸ್ಟಾರ್‌ನಲ್ಲಿವೆ, ಪ್ರತಿಯೊಂದರಲ್ಲೂ 433ನ್ನು ಮೂರರ ವರ್ಗಮೂಲದಿಂದ ಭಾಗಿಸಿದ 250. ಕೋರಿನ ಒಂದೇ ಕಾಲಿನ ಮೇಲೆ ಕೂತ ಎರಡು ಕಾಯಿಲ್‌ಗಳ ಅನುಪಾತ 44. ಕಾಂತಕ್ಷೇತ್ರಕ್ಕೆ ಈ 44 ಮಾತ್ರ ಗೊತ್ತು. 25.4 ಎಂಬುದು ನಾವು ಹೊರಗೆ ತಂತಿ ಜೋಡಿಸಿದ ರೀತಿಯಿಂದ ಹುಟ್ಟಿದ ಸಂಖ್ಯೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಟಿಸಿಯ 11 ಕೆವಿ ಕಡೆಯ ಮೂರು ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸ್‌ಗಳಲ್ಲಿ ಒಂದು ಹೋಗುವುದು ಸಾಮಾನ್ಯ. ಆಗ ಊರಿನಲ್ಲಿ ಏನಾಗುತ್ತದೆ? ಮೂರನೇ ಒಂದು ಭಾಗ ಕತ್ತಲಾಗುತ್ತದೆ ಎಂದು ತರಗತಿಯಲ್ಲಿ ಎಲ್ಲರ ಉತ್ತರ. ಹಳ್ಳಿಯಿಂದ ಬಂದ ಹುಡುಗರು ಮಾತ್ರ ತಲೆ ಅಲ್ಲಾಡಿಸುತ್ತಾರೆ: ‘ಇಲ್ಲ ಸಾರ್, ಒಂದು ಬೀದೀಲಿ ಸರಿಯಾಗಿರುತ್ತೆ, ಎರಡು ಬೀದೀಲಿ ಡಿಮ್ಮು.’

ಅವರು ಹೇಳುವುದೇ ಸರಿ. ಊರಿನ ಮೇಲಿನ ಬೀದಿ, ನಡುಬೀದಿ, ಕೆಳಗಿನ ಬೀದಿಗೆ ಒಂದೊಂದು ಫೇಸ್ ಎಂದಿಟ್ಟುಕೊಳ್ಳಿ. ಆರ್, ವೈ, ಬಿ ಮೂರು ತಂತಿಗಳಲ್ಲಿ ಆರ್ ಹೋಯಿತು ಎನ್ನಿ. ವೈ-ಬಿ ನಡುವಿನ ಕಾಯಿಲ್‌ಗೆ ಏನೂ ಆಗಿಲ್ಲ, 11000 ಹಾಗೇ ಇದೆ. ಅದರಿಂದ ಕರೆಂಟು ಪಡೆಯುವ ನಡುಬೀದಿಯಲ್ಲಿ 250 ವೋಲ್ಟು. ಮಿಕ್ಕ ಎರಡು ಕಾಯಿಲ್‌ಗಳ ಒಂದೊಂದು ತುದಿ ಆರ್‌ನಲ್ಲಿ ಕೂಡಿದ್ದವು. ಈಗ ಆ ಕೂಡುಬಿಂದುವಿಗೆ ಮೇಲಿನಿಂದ ಆಸರೆ ಇಲ್ಲ. ಹಾಗಾಗಿ ಅವೆರಡೂ ಸರಣಿಯಾಗಿ ಅದೇ 11000ವನ್ನು ಹಂಚಿಕೊಳ್ಳುತ್ತವೆ. ಸಮಪಾಲಾದರೆ ಮೇಲಿನ ಬೀದಿಗೂ ಕೆಳಗಿನ ಬೀದಿಗೂ 125 ವೋಲ್ಟು. ಅಷ್ಟೇ ಅಲ್ಲ, ಚುಕ್ಕಿಗಳನ್ನು ಹಿಡಿದು ನಡೆದರೆ ಇವೆರಡರ ವೋಲ್ಟೇಜು ನಡುಬೀದಿಯದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದೆ. ಇದನ್ನು ಮರೆಯಬೇಡಿ, ಮುಂದೆ ಬರುತ್ತದೆ.

ಇಲ್ಲಿಗೆ ಪಾಠ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಗುಬ್ಬಿ ಕಡೆಯ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಹಂಗೆ ಡಿಮ್ ಇದ್ದಾಗ ನಮ್ಮ ಬೀದೀಲಿ ಯಾರಾದ್ರೂ ಹೀಟರ್ ಹಾಕಿದ್ರೆ ನಮ್ಮನೆ ಬಲ್ಬು ಇನ್ನೂ ಕುಗ್ಗುತ್ತೆ, ಕೆಳಗಿನ ಬೀದೀದು ಜೋರಾಗುತ್ತೆ. ಅವರು ಹಾಕಿದ್ರೆ ನಮ್ಮದು ಜೋರಾಗುತ್ತೆ. ಯಾಕೆ ಸಾರ್?’

ಎಂಥ ಪ್ರಶ್ನೆ! ವೋಲ್ಟೇಜಿನ ಅನುಪಾತ ಎಷ್ಟು ಸಲ ಬರೆದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಕರೆಂಟಿನ ಕಡೆಯಿಂದ ಹೊರಡಬೇಕು. ಮೇಲಿನ ಎರಡು ಕಾಯಿಲ್‌ಗಳು ಸರಣಿಯಲ್ಲಿರುವುದರಿಂದ ಅವುಗಳಲ್ಲಿ ಹರಿಯುವ ಕರೆಂಟು ಒಂದೇ. ಒಳ್ಳೆಯ ಕೋರಿನಲ್ಲಿ ಮೇಲಿನ ಕಾಯಿಲ್‌ನ ಆಂಪಿಯರ್-ಸುತ್ತುಗಳನ್ನು ಕೆಳಗಿನ ಕಾಯಿಲ್‌ನವು ಹೆಚ್ಚುಕಡಿಮೆ ಪೂರ್ತಿ ಸರಿದೂಗಿಸುತ್ತವೆ, ಕೋರನ್ನು ಕಾಂತಗೊಳಿಸಲು ಬೇಕಾದ ಚೂರು ಕರೆಂಟನ್ನು ಬಿಟ್ಟರೆ. ಅಂದಮೇಲೆ ಆ ಎರಡು ಮಂಕು ಬೀದಿಗಳೂ ಎಳೆಯುವ ಕರೆಂಟು ಒಂದೇ ಆಗಿರಬೇಕು. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ, ಒಂದು ಹೆಜ್ಜೆ ಹಾಕಿದಷ್ಟೇ ಇನ್ನೊಂದೂ ಹಾಕಬೇಕು. ಕರೆಂಟು ಒಂದೇ, ಲೋಡು ಬೇರೆ ಬೇರೆ. ಆಗ ಬದಲಾಗಲು ಉಳಿದದ್ದು ವೋಲ್ಟೇಜು ಮಾತ್ರ.

ಮೇಲಿನ ಬೀದಿಯ ಲೋಡು ಕೆಳಗಿನದರ ಎರಡರಷ್ಟಿದ್ದರೆ ಅದರ ರೋಧ ಅರ್ಧ. 250 ವೋಲ್ಟು ಒಂದಕ್ಕೆರಡರಂತೆ ಹಂಚಿಹೋಗಿ ಮೇಲಿನ ಬೀದಿಗೆ ಸುಮಾರು 83, ಕೆಳಗಿನದಕ್ಕೆ 167. ಕೆಳಗಿನ ಬೀದಿಯವರು ಎಲ್ಲ ಆರಿಸಿ ಮಲಗಿಬಿಟ್ಟರೆ ಮೇಲಿನ ಬೀದಿಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಹುಡುಗ ಲೆಕ್ಕ ನೋಡಿ ‘ಹಂಗಾದ್ರೆ ಅವರ ಹೀಟರ್‌ನಿಂದ ನಮಗೆ ಬೆಳಕು’ ಅಂದ. ಆ ದಿನ ಟ್ರಾನ್ಸ್‌ಫಾರ್ಮರ್ ಪಾಠ ಪೂರ್ತಿಯಾಯಿತು ಅನ್ನಿಸಿತು ನನಗೆ. ಮುಂದಿನ ಬ್ಯಾಚುಗಳಿಗೆ ನಾನು ಆರಂಭಿಸುತ್ತಿದ್ದುದೇ ಈ ಪ್ರಶ್ನೆಯಿಂದ.

ಇದೇ ಲೆಕ್ಕದಿಂದ ಫ್ಯೂಸ್ ಯಾವ ಕಡೆ ಹೋಗಿದೆ ಎಂದು ಮನೆಯಲ್ಲಿ ಕೂತೇ ಹೇಳಬಹುದು. ಟಿಸಿಯ ಕೆಳಗಿನ ಕಡೆ, ಅಂದರೆ 433 ವೋಲ್ಟಿನ ಕಡೆ ಫ್ಯೂಸ್ ಹೋದರೆ ಒಂದು ಬೀದಿ ಪೂರ್ತಿ ಕತ್ತಲು, ಮಿಕ್ಕೆರಡು ಸರಿ. ಮೇಲೆ ಹೋದರೆ ಒಂದು ಸರಿ, ಎರಡು ಮಂಕು. ಲೈನ್‌ಮ್ಯಾನ್‌ಗೆ ಫೋನ್ ಮಾಡುವಾಗ ‘ಕರೆಂಟಿಲ್ಲ’ ಅನ್ನುವುದಕ್ಕಿಂತ ಇಷ್ಟು ಹೇಳಿದರೆ ಆತನಿಗೆ ಅರ್ಧ ಕೆಲಸ ಉಳಿಯುತ್ತದೆ. ಎಲ್‌ಇಡಿ ಬಲ್ಬು ಬಂದ ಮೇಲೆ ಈ ಲಕ್ಷಣ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಕೆಲವು ಬಲ್ಬುಗಳು 125 ವೋಲ್ಟಿನಲ್ಲೂ ಮಾಮೂಲಿನಂತೆ ಉರಿಯುತ್ತವೆ. ಫ್ಯಾನ್ ನೋಡಿ, ಅದು ಸುಳ್ಳು ಹೇಳುವುದಿಲ್ಲ. ಮತ್ತೆ ಫ್ರಿಜ್ ಆರಿಸಿ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಅದರ ಮೋಟರ್ ತಿರುಗಲಾರದೆ ಬಿಸಿಯಾಗುತ್ತಲೇ ಇರುತ್ತದೆ.

ತೋಟದ ಪಂಪ್‌ಸೆಟ್ ಕಥೆ ಇನ್ನೂ ವಿಚಿತ್ರ. ರೈತರು ಟೆಸ್ಟರ್ ಇಟ್ಟು ನೋಡುತ್ತಾರೆ, ಮೂರು ತಂತಿಯಲ್ಲೂ ಬೆಳಕು. ‘ಮೂರು ಫೇಸೂ ಇದೆ ಮೇಷ್ಟ್ರೇ, ಮೋಟರ್ ಮಾತ್ರ ಗುಂಯ್ ಅಂತದೆ, ತಿರುಗಲ್ಲ’ ಎಂದು ಎಷ್ಟು ಜನ ಬಂದು ಹೇಳಿದ್ದಾರೋ. ಆ ವಿರುದ್ಧ ದಿಕ್ಕಿನ ಮಾತು ಇಲ್ಲಿ ಬೇಕು. ನಿಂತ ಮೋಟರಿಗೆ, ಲೋಡು ಸಮ ಇದ್ದಾಗ, ಸರಿಯಿರುವ ಫೇಸಿಗೂ ಮಂಕು ಫೇಸಿಗೂ ನಡುವೆ 250ಕ್ಕೆ 125 ಸೇರಿ 375 ವೋಲ್ಟು. ಎರಡು ಮಂಕು ಫೇಸ್‌ಗಳ ನಡುವೆ ಸೊನ್ನೆ. ಮೋಟರಿನ ಪಾಲಿಗೆ ಇದು ಸಿಂಗಲ್ ಫೇಸ್, ತಿರುಗುವ ಕಾಂತಕ್ಷೇತ್ರ ಹುಟ್ಟುವುದೇ ಇಲ್ಲ. ಒಂದೊಂದು ತಂತಿಯನ್ನು ಟೆಸ್ಟರಿನಲ್ಲಿ ನೋಡುವುದು ಇಲ್ಲಿ ಪ್ರಯೋಜನಕ್ಕಿಲ್ಲ, ತಂತಿ ತಂತಿಗಳ ನಡುವೆ ಮೂರು ಜೋಡಿಯನ್ನೂ ಮೀಟರಿನಲ್ಲಿ ಅಳೆಯಬೇಕು.

ಒಂದೇ ಟಿಸಿಯಲ್ಲಿ ಒಬ್ಬರ ಮೋಟರ್ ಸುಟ್ಟು ಪಕ್ಕದವರದು ಉಳಿಯುವುದೂ ಇದರಿಂದಲೇ. ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲ್ ಯಾವುದಾದರೂ ಎರಡು ಫೇಸ್‌ಗಳ ನಡುವೆ ಇರುತ್ತದೆ. ಅದು 375ರ ಜೋಡಿಗೆ ಕಟ್ಟಿದ್ದರೆ ಸ್ಟಾರ್ಟರ್ ಹಿಡಿದುಕೊಳ್ಳುತ್ತದೆ, ಮೋಟರ್ ನಿಂತಲ್ಲೇ ಬೆಂದುಹೋಗುತ್ತದೆ. ಸೊನ್ನೆಯ ಜೋಡಿಗೆ ಕಟ್ಟಿದ್ದರೆ ಸ್ಟಾರ್ಟರ್ ಹಿಡಿಯುವುದೇ ಇಲ್ಲ. ಊರಿನಲ್ಲಿ ಇದನ್ನು ಅದೃಷ್ಟ ಅನ್ನುತ್ತಾರೆ. ಅದೃಷ್ಟವನ್ನು ನಂಬುವ ಬದಲು ಸಿಂಗಲ್ ಫೇಸ್ ಪ್ರಿವೆಂಟರನ್ನು ಬೈಪಾಸ್ ಮಾಡದೆ ಬಿಟ್ಟರೆ ಸಾಕು.

ಇಲ್ಲಿಯವರೆಗಿನದು ಮೋಟರ್ ನಷ್ಟದ ಮಾತು. ಮುಂದಿನದು ಪ್ರಾಣದ್ದು. ಅನುಪಾತದ ಸೂತ್ರದಲ್ಲಿ ಒಂದು ಕಾಯಿಲ್‌ಗೆ ಪ್ರೈಮರಿ, ಇನ್ನೊಂದಕ್ಕೆ ಸೆಕೆಂಡರಿ ಎಂದು ಹೆಸರಿದೆ. ಮ್ಯೂಚುವಲ್ ಇಂಡಕ್ಟೆನ್ಸ್‌ಗೆ ಆ ಭೇದ ಇಲ್ಲ, ಎರಡೂ ಕಡೆಯಿಂದ ಅಳೆದರೂ ಅದರ ಬೆಲೆ ಒಂದೇ. ಮದುವೆ ಮನೆಯಲ್ಲೋ ಅಂಗಡಿಯಲ್ಲೋ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಕಟ್ಟಿದರೆ ಅದರ 230 ವೋಲ್ಟು ಸರ್ವೀಸ್ ವೈರಿನಲ್ಲಿ ಹಿಂದಕ್ಕೆ ಹೋಗಿ ಟಿಸಿ ಮುಟ್ಟಬಹುದು. ಅಲ್ಲಿ 44ರಿಂದ ಗುಣಿಸಿ: 10,120. ಮೇಲೆ ಲೈನ್ ಆಫ್ ಆಗಿದೆ ಎಂದು ನಂಬಿ ಹತ್ತಿದವನ ಕೈಗೆ ಅದು ಸಿಗುತ್ತದೆ. ಕೆಲಸಕ್ಕೆ ಮುಂಚೆ ಲೈನನ್ನು ಎರಡೂ ಕಡೆ ಅರ್ತ್ ಮಾಡಬೇಕೆಂಬ ನಿಯಮ ಇರುವುದು ಇಂಥದ್ದಕ್ಕೇ. ಅರ್ತ್ ರಾಡ್ ಜೀಪಿನಲ್ಲೇ ಬಿಟ್ಟು ಕಂಬ ಹತ್ತುವ ನನ್ನ ಹಳೇ ಶಿಷ್ಯರಿಗೆ ಇದನ್ನು ಎದುರು ಸಿಕ್ಕಾಗಲೆಲ್ಲ ಹೇಳುತ್ತೇನೆ. ನಗುತ್ತಾರೆ. ನಗಲಿ, ರಾಡ್ ಹಾಕಲಿ.

ಎಲ್ಲಕ್ಕಿಂತ ಮೋಸದ್ದು ಕಡಿದು ಬಿದ್ದ 11 ಕೆವಿ ತಂತಿ. ಸಬ್‌ಸ್ಟೇಷನ್ ಕಡೆಯ ತುಂಡಿನಲ್ಲಿ ಮಾತ್ರ ಕರೆಂಟಿರುತ್ತದೆ, ಟಿಸಿ ಕಡೆಯ ತುಂಡು ಸತ್ತಿರುತ್ತದೆ ಎಂಬುದು ಊರವರ ನಂಬಿಕೆ, ಕೆಲವು ಲೈನ್‌ಮ್ಯಾನ್‌ಗಳದೂ. ಮೇಲೆ ಹೇಳಿದ ಆ ಆಸರೆ ಇಲ್ಲದ ಕೂಡುಬಿಂದುವನ್ನು ನೆನೆಯಿರಿ. ಟಿಸಿ ಕಡೆಯ ತುಂಡು ನೇತಾಡುತ್ತಿರುವುದು ಆ ಬಿಂದುವಿನಿಂದಲೇ. ಉಳಿದ ಎರಡು ಫೇಸ್‌ಗಳು ಡೆಲ್ಟಾ ಕಾಯಿಲ್‌ಗಳ ಮೂಲಕ ಅದಕ್ಕೆ ವೋಲ್ಟೇಜು ಕೊಡುತ್ತಲೇ ಇರುತ್ತವೆ. ಲೋಡು ಸಮ ಇದ್ದರೆ, ನೆಲಕ್ಕೆ ತಾಗದೆ ನೇತಾಡುವಾಗ, ನೆಲಕ್ಕೂ ಅದಕ್ಕೂ ನಡುವೆ ಸುಮಾರು 3,200 ವೋಲ್ಟು. ಲೋಡು ಏರುಪೇರಾದರೆ ಇನ್ನೂ ಹೆಚ್ಚು. ಅದರಲ್ಲಿ ಹರಿಯುವ ಕರೆಂಟು ಬೀದಿಯ ಲೋಡುಗಳನ್ನು ದಾಟಿ ಬರಬೇಕಾದ್ದರಿಂದ ಸಬ್‌ಸ್ಟೇಷನ್ನಿನ ರಿಲೇಗೆ ತಿಳಿಯದೆಯೇ ಹೋಗಬಹುದು, ಲೈನ್ ಟ್ರಿಪ್ ಆಗದೆಯೇ ಉಳಿಯಬಹುದು. ಮನುಷ್ಯನನ್ನೋ ಎಮ್ಮೆಯನ್ನೋ ಕೊಲ್ಲಲು ಆ ಕರೆಂಟು ಧಾರಾಳ ಸಾಕು.

ಆದ್ದರಿಂದ ಇದನ್ನು ಓದಿದ ರೈತರಲ್ಲಿ, ಲೈನ್ ಕೆಲಸದವರಲ್ಲಿ, ದನ ಮೇಯಿಸುವ ಮಕ್ಕಳ ಮನೆಯವರಲ್ಲಿ ನನ್ನ ವಿನಂತಿ: ತೋಟದಲ್ಲಿ, ಗದ್ದೆಬದುವಿನಲ್ಲಿ ತಂತಿ ಬಿದ್ದಿದ್ದರೆ ಅದು ಯಾವ ಕಡೆಯ ತುಂಡು ಎಂದು ಯೋಚಿಸಲು ಹೋಗಬೇಡಿ, ಕೋಲಿನಿಂದಲೂ ಸರಿಸಬೇಡಿ. ದೂರ ನಿಂತು ಬೇರೆಯವರನ್ನೂ ತಡೆಯಿರಿ, 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿ ಅರ್ತ್ ಹಾಕುವ ತನಕ ಹತ್ತಿರ ಹೋಗಬೇಡಿ.